ಪುಷ್ಯ ಮಳೆಗೆ ಎಲೆ ಉಳಿದರೆ: ಹಾಸನದ ಆಲೂಗೆಡ್ಡೆ ಇಳುವರಿಯ ಲೆಕ್ಕ

ಜಲಂಧರ್ ಕಡೆ ಫೆಬ್ರವರಿ, ಮಾರ್ಚ್‌ನಲ್ಲಿ ಅಗೆದ ಕುಫ್ರಿ ಜ್ಯೋತಿ ತಳಿಯ ಬಿತ್ತನೆ ಗೆಡ್ಡೆಯ ಎರಡು ಮೂಟೆ ಇವೆ ಅಂದುಕೊಳ್ಳಿ. ಒಂದು ಅಲ್ಲಿಯ ಕೋಲ್ಡ್ ಸ್ಟೋರೇಜಿನಲ್ಲೇ ಉಳಿದು ಅಕ್ಟೋಬರ್‌ನಲ್ಲಿ ಪಂಜಾಬಿನ ನೆಲಕ್ಕೆ ಬೀಳುತ್ತದೆ. ಇನ್ನೊಂದು ಲಾರಿ ಹತ್ತಿ ಹಾಸನದ ಎಪಿಎಂಸಿ ಅಂಗಳಕ್ಕೆ ಬಂದು, ಮೇ ಕೊನೆಯ ಹೊತ್ತಿಗೆ ಸಾಲಗಾಮೆಯದೋ ಕಟ್ಟಾಯದ್ದೋ ಕೆಂಪು ಮಣ್ಣು ಸೇರುತ್ತದೆ. ತಳಿ ಒಂದೇ, ಬೆಳೆದ ಹೊಲವೂ ಒಂದೇ. ಆದರೆ ಪಂಜಾಬಿನಲ್ಲಿ ಎಕರೆಗೆ ಸುಮಾರು 10 ಟನ್ ಬರುವ ಬೆಳೆ ಹಾಸನದಲ್ಲಿ 4ರಿಂದ 5 ಟನ್ ಬಂದರೆ ‘ಈ ಸಲ ಪರವಾಗಿಲ್ಲ’ ಅನ್ನಿಸಿಕೊಳ್ಳುತ್ತದೆ. ಎಲೆಯನ್ನು ಸುಟ್ಟಂತೆ ಕಪ್ಪಾಗಿಸುವ ಅಂಗಮಾರಿ ರೋಗ ಜೋರಾದ ವರ್ಷ ಹಾಕಿದ ಬೀಜದ ದುಡ್ಡೂ ಹುಟ್ಟುವುದಿಲ್ಲ.

ಒಂದು ಕಾಲಕ್ಕೆ ಹತ್ತಾರು ಸಾವಿರ ಹೆಕ್ಟೇರ್‌ನಲ್ಲಿ ಹಾಸನ, ಅರಕಲಗೂಡು, ಹೊಳೆನರಸೀಪುರ, ಬೇಲೂರು, ಆಲೂರು, ಚನ್ನರಾಯಪಟ್ಟಣ ತಾಲ್ಲೂಕುಗಳನ್ನು ತುಂಬಿದ್ದ ಈ ಬೆಳೆ ಕಳೆದ ಎರಡು ದಶಕಗಳಲ್ಲಿ ಬಹಳಷ್ಟು ಜಾಗವನ್ನು ಮುಸುಕಿನ ಜೋಳಕ್ಕೂ ಶುಂಠಿಗೂ ಬಿಟ್ಟುಕೊಟ್ಟಿದೆ. ಬೆಲೆ ಏರಿಳಿತ ಒಂದು ಕಾರಣ ಹೌದು. ಆದರೆ ಬೆಲೆ ಕೈಕೊಡುವ ಮುಂಚೆಯೇ ಇಳುವರಿ ಕೈಕೊಟ್ಟಿತ್ತು. ಯಾಕೆ ಕೈಕೊಟ್ಟಿತು, ಎಷ್ಟರಮಟ್ಟಿಗೆ ಅದನ್ನು ಹಿಡಿದು ನಿಲ್ಲಿಸಬಹುದು ಅನ್ನುವುದನ್ನು ಲೆಕ್ಕ ಹಾಕಿಯೇ ನೋಡಬೇಕು.

ಎತ್ತರ ಕೊಟ್ಟ ತಂಪು, ಮಳೆ ಕಸಿದ ಬಿಸಿಲು

ಆಲೂಗೆಡ್ಡೆ ಚಳಿನಾಡಿನ ಗಿಡ. ರಾತ್ರಿಯ ಉಷ್ಣಾಂಶ 15ರಿಂದ 20 ಡಿಗ್ರಿಯೊಳಗೆ ಇದ್ದರೆ ಎಲೆಯಲ್ಲಿ ತಯಾರಾದ ಸಕ್ಕರೆ ನೆಲದೊಳಗೆ ಇಳಿದು ಗೆಡ್ಡೆ ಕಟ್ಟುತ್ತದೆ. ರಾತ್ರಿ ಬಿಸಿಯಾದಷ್ಟೂ ಗಿಡ ಎಲೆ, ಕಾಂಡ ಬೆಳೆಸುತ್ತ ಹೋಗುತ್ತದೆ, ಗೆಡ್ಡೆಯ ಕಡೆ ತಿರುಗುವುದಿಲ್ಲ. ಹಾಸನ ಭೂಪಟದಲ್ಲಿ 13ನೇ ಅಕ್ಷಾಂಶದಲ್ಲಿ, ಅಂದರೆ ಉಷ್ಣವಲಯದೊಳಗೇ ಇದೆ. ಅದೇ ಅಕ್ಷಾಂಶದ ಮಂಗಳೂರಿನಲ್ಲಿ ಆಲೂಗೆಡ್ಡೆ ಬೆಳೆಯುವ ಮಾತೇ ಇಲ್ಲ. ಹಾಸನಕ್ಕೆ ಅದು ಸಾಧ್ಯವಾಗಿರುವುದು ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಿಂದ. ಸಾವಿರ ಮೀಟರ್ ಏರಿದರೆ ಆರು ಡಿಗ್ರಿಯಷ್ಟು ತಂಪು ಸಿಗುತ್ತದೆ. ಆ ಲಾಭದಿಂದ ಇಲ್ಲಿಯ ಹವೆ ಉಪೋಷ್ಣವಲಯದ ಹವೆಯಂತಾಗಿದೆ: ಜುಲೈನಲ್ಲಿ ಹಗಲು 26 ಡಿಗ್ರಿ, ರಾತ್ರಿ 19 ಡಿಗ್ರಿ ಆಸುಪಾಸು. ಅಂದರೆ ಗೆಡ್ಡೆ ಕಟ್ಟುವ ಮಿತಿಯ ಅಂಚಿನಲ್ಲೇ ಬೆಳೆ ನಿಂತಿರುತ್ತದೆ. ಪಂಜಾಬಿನ ಚಳಿಗಾಲದ ರಾತ್ರಿಯ ಮುಂದೆ ಇದು ಬೆಚ್ಚಗಿನ ರಾತ್ರಿಯೇ.

ಎರಡನೆಯ ಕೊರತೆ ಬೆಳಕಿನದು. ಪಂಜಾಬಿನ ಬೆಳೆಗೆ ನವೆಂಬರ್‌ನ ತಿಳಿ ಬಿಸಿಲು, ಬೇಕಾದಾಗ ನೀರು. ಹಾಸನದ ಮುಂಗಾರು ಬೆಳೆಗೆ ಜುಲೈ ಇಡೀ ಮೋಡ. ಜೂನ್‌ನಲ್ಲಿ ಇಲ್ಲಿಯ ಹಗಲು ಸುಮಾರು 13 ಗಂಟೆ ಉದ್ದ, ಪಂಜಾಬಿನ ಡಿಸೆಂಬರ್ ಹಗಲು 10 ಗಂಟೆ. ಹಗಲು ಚಿಕ್ಕದಾದಷ್ಟೂ ಗೆಡ್ಡೆ ಬೇಗ ಕಟ್ಟುವುದು ಈ ಗಿಡದ ಸ್ವಭಾವ. ಹೀಗಾಗಿ ರೈತ ಏನೇ ಮಾಡಲಿ, ಮುಂಗಾರಿನ ಹಾಸನದಿಂದ ಪಂಜಾಬಿನ ಇಳುವರಿ ನಿರೀಕ್ಷಿಸುವುದು ಸರಿಯಲ್ಲ. ಇಲ್ಲಿಯ ಹವೆ ಬಿಟ್ಟುಕೊಡಬಹುದಾದ ಇಳುವರಿ ಎಕರೆಗೆ 7ರಿಂದ 8 ಟನ್. ನಾವು ಕೇಳಬೇಕಾದ ಪ್ರಶ್ನೆ, ಆ 8 ಟನ್ 3 ಟನ್ನಿಗೆ ಇಳಿಯುವುದು ಎಲ್ಲಿ ಅನ್ನುವುದು.

ಈ ಬೆಳೆಗೆ ಒಂದು ಅನುಕೂಲವೂ ಇದೆ, ಅದನ್ನು ಮರೆಯಬಾರದು. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಉತ್ತರ ಭಾರತದ ಮಾರುಕಟ್ಟೆಯಲ್ಲಿ ಇರುವುದು ಹೆಚ್ಚಾಗಿ ಆರು ತಿಂಗಳಿಂದ ಕೋಲ್ಡ್ ಸ್ಟೋರೇಜಿನಲ್ಲಿದ್ದ ಗೆಡ್ಡೆ. ತಣ್ಣಗಿನ ಕೋಣೆಯಲ್ಲಿ ಪಿಷ್ಟ ಸಕ್ಕರೆಯಾಗಿ ಗೆಡ್ಡೆ ಸಿಹಿಯಾಗುತ್ತದೆ, ಚಿಪ್ಸ್ ಕರಿದರೆ ಕಂದುಗಟ್ಟುತ್ತದೆ. ಆ ಹೊತ್ತಿಗೆ ನೆಲದಿಂದ ಹೊಸದಾಗಿ ಬರುವ ಗೆಡ್ಡೆ ಹಾಸನದಂಥ ಕೆಲವೇ ಪ್ರದೇಶಗಳದು.

ಇಳುವರಿ ಅನ್ನುವುದು ಮೂರು ಅಂಕಿಗಳ ಗುಣಾಕಾರ

ಸಾಲಿನಿಂದ ಸಾಲಿಗೆ 2 ಅಡಿ, ಗೆಡ್ಡೆಯಿಂದ ಗೆಡ್ಡೆಗೆ 8 ಅಂಗುಲ ಬಿಟ್ಟು ನೆಟ್ಟರೆ ಎಕರೆಗೆ ಸುಮಾರು 33,000 ಗುಣಿ. ನೂರಕ್ಕೆ 80 ಗಿಡ ಉಳಿದರೆ 26,400. ಗಿಡಕ್ಕೆ ಐದು ಗೆಡ್ಡೆ, ಗೆಡ್ಡೆಗೆ ಸರಾಸರಿ 60 ಗ್ರಾಂ ಅಂದರೆ ಗಿಡಕ್ಕೆ 300 ಗ್ರಾಂ. ಗುಣಿಸಿ: 7.9 ಟನ್.

ಇದನ್ನೇ ಇನ್ನೊಂದು ದಾರಿಯಿಂದಲೂ ನೋಡಬಹುದು. ನೆಟ್ಟ 30–35 ದಿನಕ್ಕೆ ನೆಲದೊಳಗಿನ ಬಿಳಿ ಬಿಳಲುಗಳ (ಗೆಡ್ಡೆ ಕಟ್ಟುವ ಕುಡಿಗಳ) ತುದಿಗಳು ಗುಂಡಾಗಲು ಶುರುವಾಗುತ್ತವೆ. 45ನೇ ದಿನದಿಂದ ಗೆಡ್ಡೆ ದಪ್ಪವಾಗುವ ಕಾಲ. ಗಿಡ ಆರೋಗ್ಯವಾಗಿದ್ದು ಎಲೆ ಸಾಲನ್ನು ಮುಚ್ಚಿದ್ದರೆ ಎಕರೆಗೆ ದಿನಕ್ಕೆ ಸುಮಾರು 200 ಕೆ.ಜಿ. ತೂಕ ಏರುತ್ತದೆ. 45ರಿಂದ 85ನೇ ದಿನದವರೆಗೆ 40 ದಿನ ಎಲೆ ಹಸಿರಾಗಿದ್ದರೆ 8 ಟನ್. ಅಂಗಮಾರಿ ಬಂದು 60ನೇ ದಿನಕ್ಕೆ ಎಲೆ ಕಪ್ಪಾದರೆ ಸಿಗುವುದು ಹದಿನೈದೇ ದಿನದ ದುಡಿಮೆ, 3 ಟನ್. ಗೆಡ್ಡೆಗಳ ಸಂಖ್ಯೆ ಕಡಿಮೆಯಾಗಿರುವುದಿಲ್ಲ, ಆದರೆ 60 ಗ್ರಾಂ ಆಗಬೇಕಿದ್ದುದು 25 ಗ್ರಾಂಗೆ ನಿಂತು ಗೋಲಿ ಗಾತ್ರದ ರಾಶಿ ಬರುತ್ತದೆ. ಬೀಜ ಕೊಳೆತು ಗಿಡವೂ ನೂರಕ್ಕೆ 60 ಮಾತ್ರ ಉಳಿದಿದ್ದರೆ ಅದೂ ಇಳಿದು 2.5 ಟನ್ ಆಗುತ್ತದೆ.

ಹಾಸನದ ಇಳುವರಿಯ ಪ್ರಶ್ನೆಯೆಲ್ಲ ಇಷ್ಟರಲ್ಲಿದೆ: ಎಷ್ಟು ಗುಣಿಯಲ್ಲಿ ಗಿಡ ಎದ್ದಿತು, ಎದ್ದ ಗಿಡದ ಎಲೆ ಎಷ್ಟು ದಿನ ಹಸಿರಾಗಿ ನಿಂತಿತು. ಮೊದಲನೆಯದನ್ನು ಬೀಜ ತೀರ್ಮಾನಿಸುತ್ತದೆ, ಎರಡನೆಯದನ್ನು ಅಂಗಮಾರಿ.

ಬೀಜ ದೂರದಿಂದಲೇ ಯಾಕೆ ಬರಬೇಕು

ರಾಗಿ ಬೆಳೆದವರು ಮುಂದಿನ ವರ್ಷಕ್ಕೆ ಮನೆಯಲ್ಲೇ ಬೀಜ ಎತ್ತಿಡುತ್ತಾರೆ. ಆಲೂಗೆಡ್ಡೆಗೆ ಹಾಗೆ ಆಗುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಅಗೆದದ್ದನ್ನು ಮೇ ತನಕ ಎಂಟು ತಿಂಗಳು ಇಡಬೇಕು. ಮನೆಯ ಮೂಲೆಯಲ್ಲಿ ಹರವಿಟ್ಟರೆ ಗೆಡ್ಡೆ ಕೊರೆಯುವ ಪತಂಗದ ಹುಳು ಒಳಗಿಂದ ಸುರಂಗ ಕೊರೆಯುತ್ತದೆ, ಉಳಿದದ್ದು ಮೊಳೆತು ಸುಕ್ಕಾಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಕಣ್ಣಿಗೆ ಕಾಣದ್ದು. ಸಸ್ಯಹೇನುಗಳು ಗಿಡದಿಂದ ಗಿಡಕ್ಕೆ ನಂಜುರೋಗ (ವೈರಸ್ ರೋಗ) ಹೊತ್ತೊಯ್ಯುತ್ತವೆ. ನಂಜು ತಗುಲಿದ ಗಿಡ ಸಾಯುವುದಿಲ್ಲ, ಆದರೆ ಅದರ ಗೆಡ್ಡೆಯೂ ನಂಜು ಹೊತ್ತೇ ಹುಟ್ಟುತ್ತದೆ. ಅದನ್ನೇ ಮತ್ತೆ ನೆಟ್ಟರೆ ವರ್ಷದಿಂದ ವರ್ಷಕ್ಕೆ ಎಲೆ ಮುದುರಿ, ಗಿಡ ಕುಳ್ಳಾಗಿ, ಇಳುವರಿ ಇಳಿಯುತ್ತ ಹೋಗುತ್ತದೆ. ‘ಬೀಜ ಸೊರಗಿತು’ ಅನ್ನುವ ಮಾತಿನ ಅರ್ಥ ಇದೇ.

ಪಂಜಾಬಿನಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಸಸ್ಯಹೇನು ತೀರಾ ಕಡಿಮೆ. ಶಿಮ್ಲಾದ ಕೇಂದ್ರೀಯ ಆಲೂಗೆಡ್ಡೆ ಸಂಶೋಧನಾ ಸಂಸ್ಥೆ 1960ರ ಸುಮಾರಿಗೆ ಇದನ್ನೇ ಆಧಾರ ಮಾಡಿಕೊಂಡು ಉತ್ತರದ ಬಯಲಿನಲ್ಲೇ ಬಿತ್ತನೆ ಗೆಡ್ಡೆ ಬೆಳೆಯುವ ಕ್ರಮ ರೂಪಿಸಿತು. ನೂರು ಎಲೆಗೆ 20 ಹೇನು ಕಾಣುವ ಮಟ್ಟ ಮುಟ್ಟುವ ಮೊದಲೇ, ಅಂದರೆ ಜನವರಿಯಲ್ಲಿ, ಕಾಂಡವನ್ನು ಬುಡಕ್ಕೆ ಕತ್ತರಿಸಿಬಿಡುತ್ತಾರೆ. ಗೆಡ್ಡೆ ಸ್ವಲ್ಪ ಸಣ್ಣದಾದರೂ ನಂಜು ಕೆಳಗೆ ಇಳಿಯುವುದಿಲ್ಲ. ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ: ಬಿತ್ತನೆಗೆಂದು ಬೆಳೆದ ಗೆಡ್ಡೆ ಸಹಜವಾಗಿಯೇ ಮೊಟ್ಟೆ ಗಾತ್ರದ್ದು, 30ರಿಂದ 50 ಗ್ರಾಂ. ಮೂಟೆ ಬಿಚ್ಚಿದರೆ ಮುಷ್ಟಿ ಗಾತ್ರದ ಗೆಡ್ಡೆಯೇ ತುಂಬಿದ್ದರೆ ಅದು ಕಾಂಡ ಕತ್ತರಿಸದೆ ಪೂರ್ತಿ ಬಲಿಯಲು ಬಿಟ್ಟ ಬೆಳೆ, ಅಂದರೆ ತಿನ್ನುವ ಗೆಡ್ಡೆ ಬಿತ್ತನೆಯ ಹೆಸರಲ್ಲಿ ಬಂದಿದೆ ಅನ್ನುವ ಅನುಮಾನಕ್ಕೆ ಜಾಗವಿದೆ.

ಪ್ರಮಾಣೀಕೃತ ಬೀಜದ ಮೂಟೆಗೆ ನೀಲಿ ಚೀಟಿ ಇರುತ್ತದೆ, ಅದರ ಮೇಲಿನ ಹಂತದ ಮೂಲಬೀಜಕ್ಕೆ ಬಿಳಿ ಚೀಟಿ. ಎರಡೂ ಇಲ್ಲದ ಮೂಟೆಯಾದರೆ ಕೊಳ್ಳುವ ಮುನ್ನ ಒಂದಷ್ಟು ಗೆಡ್ಡೆ ತೆಗೆದು ಚಾಕುವಿನಿಂದ ಅಡ್ಡ ಕೊಯ್ದು ನೋಡಿ. ಸಿಪ್ಪೆಯ ಒಳಗೆ ಕಂದು ಉಂಗುರ ಕಂಡರೆ, ಹಿಸುಕಿದಾಗ ಆ ಉಂಗುರದಿಂದ ಕೀವಿನಂಥ ದ್ರವ ಬಂದರೆ, ಕಣ್ಣುಗಳಿಗೆ ಮಣ್ಣು ಅಂಟಿಕೊಂಡು ಬಿಡದೇ ಇದ್ದರೆ, ಅದು ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗ. ಆ ಮೂಟೆಯನ್ನು ಯಾವ ಬೆಲೆಗೂ ಮುಟ್ಟಬಾರದು. ಮೊಳಕೆ ಕೂದಲೆಳೆಯಂತೆ ತೆಳ್ಳಗಿದ್ದರೂ ಬೇಡ; ಒಳ್ಳೆಯ ಮೊಳಕೆ ಮೋಟಾಗಿ, ದಪ್ಪವಾಗಿ, ಬುಡದಲ್ಲಿ ಬಣ್ಣ ಕಟ್ಟಿಕೊಂಡಿರುತ್ತದೆ.

ಕತ್ತರಿಸುವಲ್ಲಿ ಆಗುವ ನಷ್ಟ

ಕೋಲ್ಡ್ ಸ್ಟೋರೇಜಿನಲ್ಲಿ 2ರಿಂದ 4 ಡಿಗ್ರಿಯಲ್ಲಿದ್ದ ಗೆಡ್ಡೆ ಲಾರಿಯಿಂದ ಇಳಿದ ದಿನವೇ ಹೊಲಕ್ಕೆ ಹೋಗಬಾರದು. ತಂಪಿನಿಂದ ಬಂದ ಗೆಡ್ಡೆಯ ಮೇಲೆ ನೀರು ಬೆವರಿನಂತೆ ಕೂರುತ್ತದೆ. ಹಾಗೇ ಮೂಟೆಯಲ್ಲಿ ಒಟ್ಟಿದರೆ ಕಾವು ಏರಿ ಕೊಳೆಯಲು ಶುರುವಾಗುತ್ತದೆ. ಮೂಟೆ ಬಿಚ್ಚಿ, ಗಾಳಿಯಾಡುವ ನೆರಳಿನಲ್ಲಿ, ನೇರ ಬಿಸಿಲು ಬೀಳದ ಆದರೆ ಬೆಳಕು ಇರುವ ಕಡೆ ಎರಡು ಮೂರು ಗೆಡ್ಡೆಯ ಎತ್ತರಕ್ಕೆ ಹರವಿ 8ರಿಂದ 10 ದಿನ ಬಿಡಬೇಕು. ಮೊಳಕೆ ಅರ್ಧ ಅಂಗುಲಕ್ಕೆ ಬಂದಾಗ ನೆಡುವುದು ಸರಿ. ತುದಿಯ ಕಣ್ಣು ಮಾತ್ರ ಮೊಳೆತು ಉಳಿದವು ಸುಮ್ಮನಿದ್ದರೆ ಆ ಒಂದು ಮೊಳಕೆಯನ್ನು ಕೈಯಿಂದ ಮುರಿದುಹಾಕಿ. ಪಕ್ಕದ ಕಣ್ಣುಗಳು ಒಟ್ಟಿಗೆ ಏಳುತ್ತವೆ, ಗಿಡಕ್ಕೆ ಕಾಂಡಗಳು ಹೆಚ್ಚುತ್ತವೆ, ಕಾಂಡ ಹೆಚ್ಚಿದಷ್ಟು ಗೆಡ್ಡೆಯೂ ಹೆಚ್ಚು.

ಈಗ ಎಷ್ಟು ಬೀಜ ಬೇಕು ನೋಡೋಣ. 33,000 ಗುಣಿಗೆ 40 ಗ್ರಾಂನ ಇಡೀ ಗೆಡ್ಡೆ ಇಟ್ಟರೆ 1,320 ಕೆ.ಜಿ., 50 ಕೆ.ಜಿ.ಯ 26 ಮೂಟೆ. 25 ಗ್ರಾಂ ಹೋಳಾದರೆ 825 ಕೆ.ಜಿ., 16–17 ಮೂಟೆ. ಬೀಜದ ದರ ಏರಿದ ವರ್ಷ 10 ಮೂಟೆಯಲ್ಲೇ ಎಕರೆ ಮುಗಿಸಲು ಹೋದರೆ ಗುಣಿಗೆ ಬೀಳುವುದು 15 ಗ್ರಾಂ ಚೂರು. ಆ ಚೂರಿನಲ್ಲಿ ಮೊಳಕೆಯನ್ನು ಮಣ್ಣಿನಿಂದ ಹೊರಗೆ ತಳ್ಳಿ, ಬೇರು ಹಿಡಿಯುವ ತನಕ ಸಾಕುವಷ್ಟು ಆಹಾರ ಇರುವುದಿಲ್ಲ. ನೆಟ್ಟ ಮೇಲೆ ಮಳೆ ಎರಡು ವಾರ ಹಿಂದೆ ಸರಿದರೆ ಒಣಗುತ್ತದೆ, ಒಂದೇ ಸಮ ಹಿಡಿದರೆ ಕೊಳೆಯುತ್ತದೆ. ಕಡಿಮೆ ಮೂಟೆ ಇದ್ದರೆ ಅರ್ಧ ಎಕರೆಗೆ ಸರಿಯಾಗಿ ನೆಡುವುದೇ ಲಾಭ.

ಕತ್ತರಿಸಲೇಬೇಕಾದರೆ ತುದಿಯಿಂದ ಬುಡದ ಕಡೆಗೆ ಉದ್ದುದ್ದ ಸೀಳಬೇಕು. ಕಣ್ಣುಗಳು ದಟ್ಟವಾಗಿರುವುದು ತುದಿಯಲ್ಲಿ. ಅಡ್ಡ ಕೊಯ್ದರೆ ಒಂದು ಹೋಳಿಗೆ ಎಲ್ಲ ಕಣ್ಣೂ ಹೋಗಿ ಇನ್ನೊಂದು ಕುರುಡಾಗುತ್ತದೆ. ಪ್ರತಿ ಹೋಳಿಗೂ 2–3 ಕಣ್ಣು, 25ರಿಂದ 30 ಗ್ರಾಂ ತೂಕ ಇರಲಿ. ಕೊಯ್ಯುವ ಚಾಕು ರೋಗವನ್ನು ಗೆಡ್ಡೆಯಿಂದ ಗೆಡ್ಡೆಗೆ ಹಚ್ಚುತ್ತ ಹೋಗುತ್ತದೆ, ಸೊರಗು ರೋಗ ಹರಡುವ ಮುಖ್ಯ ದಾರಿಗಳಲ್ಲಿ ಇದೂ ಒಂದು. ಒಂದು ಬೋಗುಣಿಯಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರು ಇಟ್ಟುಕೊಂಡು, ಎರಡು ಚಾಕು ಬಳಸಿ, ಒಂದು ಕೊಯ್ಯುವಾಗ ಇನ್ನೊಂದು ಅದರಲ್ಲಿ ಮುಳುಗಿರಲಿ. ಕೊಯ್ದ ಹೋಳನ್ನು ಲೀಟರಿಗೆ 2ರಿಂದ 3 ಗ್ರಾಂ ಮ್ಯಾಂಕೋಜೆಬ್ ಎಂಬ ರೋಗನಾಶಕ ಕಲಸಿದ ನೀರಿನಲ್ಲಿ ಹತ್ತು ನಿಮಿಷ ಅದ್ದಿ ತೆಗೆದು, ನೆರಳಿನಲ್ಲಿ ತೆಳ್ಳಗೆ ಹರವಿ ಎರಡು ಮೂರು ದಿನ ಬಿಡಬೇಕು. ಆಗ ಕೊಯ್ದ ಮುಖದ ಮೇಲೆ ಬೆರಳಿಗೆ ಒರಟಾಗಿ ಸಿಗುವ ತೊಗಲು ಕಟ್ಟುತ್ತದೆ. ಆ ತೊಗಲೇ ಅದಕ್ಕೆ ಹೊಸ ಸಿಪ್ಪೆ. ಬೆಳಿಗ್ಗೆ ಕೊಯ್ದು ಮಧ್ಯಾಹ್ನ ಹಸಿ ಮಣ್ಣಿಗೆ ಹಾಕಿದರೆ ತೆರೆದ ಗಾಯವನ್ನೇ ನೆಟ್ಟಂತೆ. ನೂರಕ್ಕೆ 80 ಉಳಿಯಬೇಕಾದ ಗಿಡ 60ಕ್ಕೆ ಇಳಿಯುವುದು ಬಹಳ ಸಲ ಈ ಎರಡು ದಿನದ ಅವಸರದಿಂದ.

ಮಣ್ಣು, ಗೊಬ್ಬರ, ಮಣ್ಣೇರಿಸುವಿಕೆ

ನೀರು ಬಸಿಯುವ ಕೆಂಪು ಮರಳುಮಿಶ್ರಿತ ಗೋಡು ಈ ಬೆಳೆಗೆ ಹೇಳಿಮಾಡಿಸಿದ್ದು. ಹಾಸನದ ಮಣ್ಣು ಸ್ವಲ್ಪ ಹುಳಿ, ಆಲೂಗೆಡ್ಡೆಗೆ ಅದೇ ಇಷ್ಟ. ನೆಡುವ ಮುನ್ನ ಸುಣ್ಣ ಹಾಕಿದರೆ ಗೆಡ್ಡೆಯ ಮೇಲೆ ಕಜ್ಜಿ ಹೆಚ್ಚುತ್ತದೆ. ಎಕರೆಗೆ 10 ಟನ್ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಕೊಡಿ. ಹಸಿ ಗೊಬ್ಬರ ಹಾಕಿದರೆ ಗೊಣ್ಣೆಹುಳು ಗೆಡ್ಡೆಯನ್ನು ತೂತು ಮಾಡುತ್ತದೆ.

ಸಾರಜನಕ 50, ರಂಜಕ 40, ಪೊಟ್ಯಾಷ್ 50 ಕೆ.ಜಿ. ಎಕರೆಗೆ ಬೇಕು ಅಂದರೆ ಅಂಗಡಿಯಲ್ಲಿ ಕೇಳಬೇಕಾದದ್ದು 87 ಕೆ.ಜಿ. ಡಿಎಪಿ (ರಂಜಕದ ಗೊಬ್ಬರ), 75 ಕೆ.ಜಿ. ಯೂರಿಯಾ, 83 ಕೆ.ಜಿ. ಎಂಒಪಿ (ಪೊಟ್ಯಾಷ್ ಗೊಬ್ಬರ). ಡಿಎಪಿ, ಎಂಒಪಿ ಪೂರ್ತಿಯಾಗಿ ನೆಡುವಾಗ, ಗೆಡ್ಡೆಗೆ ನೇರ ತಾಗದಂತೆ ಪಕ್ಕಕ್ಕೆ. ಡಿಎಪಿಯಲ್ಲೇ ಸುಮಾರು 16 ಕೆ.ಜಿ. ಸಾರಜನಕ ಬರುವುದರಿಂದ ನೆಡುವಾಗ 20 ಕೆ.ಜಿ. ಯೂರಿಯಾ ಸಾಕು, ಉಳಿದ 55 ಕೆ.ಜಿ. ಮಣ್ಣೇರಿಸುವಾಗ. ಗಿಡ ಹಳದಿ ಕಂಡಿತೆಂದು 50 ದಿನ ಕಳೆದ ಮೇಲೆ ಮತ್ತೆ ಯೂರಿಯಾ ಎರಚುವುದು ಹಾಸನದ ಹವೆಯಲ್ಲಿ ದೊಡ್ಡ ತಪ್ಪು. ಬೆಚ್ಚಗಿನ ರಾತ್ರಿಯಲ್ಲಿ ಮೊದಲೇ ಎಲೆಯ ಕಡೆ ವಾಲಿರುವ ಗಿಡ ಇನ್ನಷ್ಟು ಸೊಪ್ಪು ಬೆಳೆಸುತ್ತದೆ, ಆ ಮೆತ್ತನೆ ಸೊಪ್ಪಿನ ಒಳಗೆ ಗಾಳಿಯಾಡುವುದಿಲ್ಲ, ಅಂಗಮಾರಿಗೆ ಹಾಸಿಗೆ ಹಾಸಿಕೊಟ್ಟಂತಾಗುತ್ತದೆ.

25ರಿಂದ 30 ದಿನಕ್ಕೆ ಕಳೆ ತೆಗೆದು ಬುಡಕ್ಕೆ ಮಣ್ಣೇರಿಸಬೇಕು. ಗೆಡ್ಡೆ ಕಟ್ಟುವುದು ನೆಟ್ಟ ಹೋಳಿನ ಮೇಲ್ಭಾಗದಲ್ಲಿ, ಕೆಳಗಲ್ಲ. ಮೇಲೆ ಅರ್ಧ ಅಡಿ ಸಡಿಲ ಮಣ್ಣಿದ್ದರೆ ಗೆಡ್ಡೆಗೆ ಜಾಗ ಸಿಗುತ್ತದೆ, ಬಿಸಿಲು ತಾಗಿ ಹಸಿರಾಗಿ ಕಹಿಯಾಗುವುದಿಲ್ಲ, ಎಲೆಯಿಂದ ತೊಳೆದು ಬರುವ ರೋಗದ ಬೀಜಕಗಳು ಗೆಡ್ಡೆಗೆ ತಲುಪುವುದಿಲ್ಲ. ಬೋದಿನ (ಮಣ್ಣೇರಿಸಿದ ದಿಬ್ಬದ ಸಾಲಿನ) ನಡುವಿನ ಕಾಲುವೆ ಹೊಲದ ಅಂಚಿನ ತನಕ ಹರಿದು ನೀರು ಹೊರಗೆ ಹೋಗಬೇಕು. ಒಂದು ರಾತ್ರಿ ನೀರು ನಿಂತರೂ ಉಸಿರು ಕಟ್ಟಿ ಗೆಡ್ಡೆಯ ಮೇಲೆ ಬಿಳಿ ಗುಳ್ಳೆಗಳೇಳುತ್ತವೆ, ಅಲ್ಲಿಂದ ಕೊಳೆತ ಒಳಹೋಗುತ್ತದೆ.

ಅಂಗಮಾರಿ ಯಾಕೆ ಅಷ್ಟು ವೇಗ

ಕೃತ್ತಿಕೆ, ರೋಹಿಣಿ ಮಳೆಗೆ ಹದ ನೋಡಿ ನೆಟ್ಟ ಬೆಳೆ ಆರಿದ್ರೆಗೆ ಮಣ್ಣೇರಿಸುವ ಹೊತ್ತಿಗೆ ಬರುತ್ತದೆ. ಪುನರ್ವಸುವಿಗೆ ಎಲೆ ಸಾಲು ಮುಚ್ಚುತ್ತದೆ. ಜುಲೈ 20ರ ಸುಮಾರಿಗೆ ಪುಷ್ಯ ಹುಟ್ಟುತ್ತದೆ: ಹಗಲಿರುಳು ಬಿಡದ ಸೋನೆ, ಸೂರ್ಯನ ಮುಖ ಕಾಣದ ವಾರ. ಗಿಡ ಆಗ 45ರಿಂದ 60 ದಿನದ್ದು, ಅಂದರೆ ದಿನಕ್ಕೆ 200 ಕೆ.ಜಿ. ಕೂಡಿಸಬೇಕಾದ ವಯಸ್ಸಿನದ್ದು. ಗೆಡ್ಡೆ ತುಂಬುವ ಕಾಲವೂ ಅಂಗಮಾರಿಗೆ ಹೇಳಿಮಾಡಿಸಿದ ಕಾಲವೂ ಒಂದರ ಮೇಲೊಂದು ಬಂದು ಕೂರುತ್ತವೆ. ಹಾಸನದ ಆಲೂಗೆಡ್ಡೆಯ ಕಷ್ಟವನ್ನು ಒಂದೇ ವಾಕ್ಯದಲ್ಲಿ ಹೇಳಬೇಕಾದರೆ ಇದೇ.

ಈ ರೋಗದ ಜೀವಿಯ ಹೆಸರು ಫೈಟಾಫ್ತೊರ ಇನ್‌ಫೆಸ್ಟಾನ್ಸ್. 1845ರಿಂದ ಐರ್ಲೆಂಡಿನಲ್ಲಿ ಬೆಳೆ ನಾಶ ಮಾಡಿ ಹತ್ತು ಲಕ್ಷದಷ್ಟು ಜನರ ಸಾವಿಗೆ ಕಾರಣವಾದ ಬರಗಾಲದ ಹಿಂದೆ ಇದ್ದದ್ದೂ ಇದೇ. ನೋಡಲು ಶಿಲೀಂಧ್ರದಂತೆ ಕಂಡರೂ ಇದು ಪಾಚಿಗಳಿಗೆ ಹತ್ತಿರದ ಸಂಬಂಧಿ. ಈ ವ್ಯತ್ಯಾಸ ರೈತನಿಗೂ ಮುಖ್ಯ, ಯಾಕೆಂದರೆ ಬೇರೆ ಎಲೆಚುಕ್ಕೆಗಳಿಗೆ ಕೆಲಸ ಮಾಡುವ ಕಾರ್ಬೆಂಡಜಿಮ್‌ನಂಥ ಔಷಧ ಇದರ ಮುಂದೆ ನಿಷ್ಪ್ರಯೋಜಕ.

ಸೋನೆಯ ನಡುವೆ ಒಂದು ಬೆಳಿಗ್ಗೆ ಏಳು ಗಂಟೆಗೆ ಹೊಲಕ್ಕಿಳಿದು ಸಾಲಿನ ಕೆಳಗಿನ ಎಲೆಗಳನ್ನು ನೋಡಿ. ಎಲೆಯ ತುದಿಯಲ್ಲೋ ಅಂಚಿನಲ್ಲೋ ಬಿಸಿನೀರು ಬಿದ್ದು ಬೆಂದಂಥ ಮಚ್ಚೆ, ಸುತ್ತ ತೆಳು ಹಸಿರು ಅಂಚು. ಎಲೆಯನ್ನು ಮಗುಚಿ. ಮಚ್ಚೆಯ ಅಂಚಿನುದ್ದಕ್ಕೂ ಹತ್ತಿಯ ಎಳೆಯಂಥ ಬಿಳಿ ಬೂಷ್ಟು ಕಂಡರೆ ಅದು ಅಂಗಮಾರಿಯೇ. ಹತ್ತು ಗಂಟೆಗೆ ಬಿಸಿಲು ಬಂದರೆ ಆ ಬಿಳುಪು ಮಾಯವಾಗುತ್ತದೆ, ಹಾಗಾಗಿ ಮಧ್ಯಾಹ್ನ ನೋಡಿದವರಿಗೆ ಅದು ಕಾಣಿಸುವುದಿಲ್ಲ. ಕಂದು ಚುಕ್ಕೆಯೊಳಗೆ ಒಂದರೊಳಗೊಂದು ಬಳೆಯಿಟ್ಟಂತೆ ಉಂಗುರಗಳಿದ್ದು ಎಲೆ ಒಣಗಿದ್ದರೆ ಅದು ಇನ್ನೊಂದು ರೋಗ, ಅದರ ವೇಗ ಕಡಿಮೆ, ಅದಕ್ಕೆ ಗಾಬರಿ ಬೇಡ.

ಆ ಬಿಳಿ ಬೂಷ್ಟಿನಲ್ಲಿರುವುದು ಸಾವಿರಾರು ಬೀಜಕಗಳು. ಹತ್ತು ಹನ್ನೆರಡು ಗಂಟೆ ಎಲೆ ಒದ್ದೆಯಾಗಿದ್ದು, ಗಾಳಿಯಲ್ಲಿ ತೇವ ನೂರಕ್ಕೆ 90 ಮೀರಿ, ಉಷ್ಣಾಂಶ 12ರಿಂದ 22 ಡಿಗ್ರಿಯಲ್ಲಿದ್ದರೆ ಬೀಜಕ ಹೊಸ ಎಲೆಯೊಳಗೆ ಇಳಿಯುತ್ತದೆ. ನಾಲ್ಕೈದು ದಿನಕ್ಕೆ ಹೊಸ ಮಚ್ಚೆ, ಅದರ ಮೇಲೆ ಮತ್ತೆ ಬೂಷ್ಟು. ಒಂದು ಮಚ್ಚೆಯಿಂದ ಹತ್ತೇ ಹೊಸ ಮಚ್ಚೆ ಹುಟ್ಟಿದರೂ ಐದು ದಿನಕ್ಕೆ 10, ಹತ್ತು ದಿನಕ್ಕೆ 100, ಇಪ್ಪತ್ತು ದಿನಕ್ಕೆ 10,000. ‘ನಿನ್ನೆ ಚೆನ್ನಾಗಿತ್ತು, ಇವತ್ತು ಸುಟ್ಟುಹೋಗಿದೆ’ ಅಂತ ಅನ್ನಿಸುವುದು ಈ ಗುಣಾಕಾರದ ಕೊನೆಯ ಮೆಟ್ಟಿಲು ಮಾತ್ರ ನಮ್ಮ ಕಣ್ಣಿಗೆ ಬೀಳುವುದರಿಂದ. ಶುರುವಾಗಿದ್ದು ಎರಡು ಮೂರು ವಾರದ ಹಿಂದೆ.

ಔಷಧವೂ ಈ ಲೆಕ್ಕಕ್ಕೆ ಹೊಂದಬೇಕು. ಮ್ಯಾಂಕೋಜೆಬ್ ಎಲೆಯ ಮೇಲೆ ಕವಚದಂತೆ ಕೂರುವ ಔಷಧ. ಬೀಜಕ ಎಲೆಯೊಳಗೆ ಇಳಿಯುವ ಮುನ್ನ ಇದ್ದರೆ ತಡೆಯುತ್ತದೆ, ಇಳಿದ ಮೇಲೆ ಏನೂ ಮಾಡಲಾರದು. ಆದ್ದರಿಂದ ಮೊದಲ ಸಿಂಪಡಣೆ ರೋಗ ಕಂಡ ಮೇಲೆ ಅಲ್ಲ, ಎಲೆ ಸಾಲು ಮುಚ್ಚುವ ಹೊತ್ತಿಗೆ. ಮಾಮೂಲಿ ವರ್ಷ 40ನೇ ದಿನ, ಸೋನೆ ಬೇಗ ಹಿಡಿದರೆ 30ನೇ ದಿನವೇ. ಲೀಟರಿಗೆ 2.5 ಗ್ರಾಂ, 16 ಲೀಟರ್ ಟ್ಯಾಂಕಿಗೆ 40 ಗ್ರಾಂ. ಎಕರೆಗೆ 200 ಲೀಟರ್ ನೀರು, ಗಿಡ ತುಂಬಿದ ಮೇಲೆ 300 ಲೀಟರ್. ಮಳೆಯ ದಿನಗಳಲ್ಲಿ ಅಂಟು ದ್ರಾವಣ ಸೇರಿಸಿ. ನಾಜಲ್ ಕೆಳಗಿಂದ ಮೇಲಕ್ಕೆ ತಿರುಗಿ ಎಲೆಯ ಅಡಿಭಾಗ ನೆನೆಯಬೇಕು, ರೋಗ ಕೂರುವುದು ಅಲ್ಲೇ. ಹೊಸ ಎಲೆಗೆ ಹಳೆಯ ಕವಚ ಇರುವುದಿಲ್ಲ, ಮಳೆ ತೊಳೆದದ್ದೂ ಉಳಿಯುವುದಿಲ್ಲ, ಹಾಗಾಗಿ 7ರಿಂದ 10 ದಿನಕ್ಕೊಮ್ಮೆ ಮರಳಿ ಹೊಡೆಯಲೇಬೇಕು.

ಮಚ್ಚೆ ಕಂಡ ಮೇಲೆ ಎಲೆಯೊಳಕ್ಕೆ ಇಳಿಯುವ ಔಷಧ ಬೇಕು: ಸೈಮಾಕ್ಸನಿಲ್ ಮತ್ತು ಮ್ಯಾಂಕೋಜೆಬ್ ಸೇರಿದ ಮಿಶ್ರಣ ಲೀಟರಿಗೆ 3 ಗ್ರಾಂ, ಮುಂದಿನ ಸರದಿಗೆ ಡೈಮಿಥೊಮಾರ್ಫ್ 1 ಗ್ರಾಂ ಜೊತೆ ಮ್ಯಾಂಕೋಜೆಬ್ 2 ಗ್ರಾಂ. ಇವೂ ಸೋಂಕು ತಗುಲಿದ ಒಂದೆರಡು ದಿನದೊಳಗೆ ಸಿಕ್ಕರೆ ಮಾತ್ರ ಹಿಡಿಯುತ್ತವೆ. ಒಂದನ್ನೇ ಪದೇ ಪದೇ ಹೊಡೆಯಬಾರದು. ಮೆಟಲಾಕ್ಸಿಲ್‌ನ ಕಥೆ ಇದಕ್ಕೆ ಸಾಕ್ಷಿ. ಒಂದು ಕಾಲಕ್ಕೆ ಅಂಗಮಾರಿಗೆ ಅದೇ ನೆಚ್ಚಿನ ಮದ್ದಾಗಿತ್ತು. 2009–10ರಲ್ಲಿ ಕರ್ನಾಟಕದ ಟೊಮ್ಯಾಟೊ ಬೆಳೆಯನ್ನು ಅಂಗಮಾರಿ ಭೀಕರವಾಗಿ ಹೊಡೆದಾಗ ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಆ ರೋಗಾಣುವನ್ನು ಪರೀಕ್ಷಿಸಿದರು. ಅದು ಯುರೋಪಿನಲ್ಲಿ ಆಗಲೇ ಹರಡಿದ್ದ 13_ಎ2 ಅನ್ನುವ ಬಲಿಷ್ಠ ವಂಶ, ಮೆಟಲಾಕ್ಸಿಲ್‌ಗೆ ಜಗ್ಗದ್ದು. ಆಲೂಗೆಡ್ಡೆಗೂ ಟೊಮ್ಯಾಟೊಗೂ ಒಂದೇ ರೋಗಾಣು ಬರುವುದರಿಂದ ವರ್ಷವಿಡೀ ಎಲ್ಲಾದರೂ ಟೊಮ್ಯಾಟೊ ಇರುವ ನಮ್ಮ ಕಡೆ ಅದಕ್ಕೆ ಆಶ್ರಯಕ್ಕೆ ಕೊರತೆಯಿಲ್ಲ. ಹೊಲದ ಪಕ್ಕದಲ್ಲೇ ಟೊಮ್ಯಾಟೊ ಇದ್ದರೆ ಅದನ್ನೂ ದಿನಾ ನೋಡುತ್ತಿರಬೇಕು. 1968ರಲ್ಲಿ ಬಿಡುಗಡೆಯಾದ ಕುಫ್ರಿ ಜ್ಯೋತಿಗೆ ಆಗ ಅಂಗಮಾರಿಯನ್ನು ತಕ್ಕಮಟ್ಟಿಗೆ ತಡೆಯುವ ಶಕ್ತಿ ಇತ್ತು, ಈಗಿನ ವಂಶಗಳ ಮುಂದೆ ಅದು ಉಳಿದಿಲ್ಲ.

ಗಿಡ ಹಸಿರಾಗಿದ್ದೂ ಮಧ್ಯಾಹ್ನ ಇದ್ದಕ್ಕಿದ್ದಂತೆ ಬಾಡಿದರೆ ಅದು ಅಂಗಮಾರಿಯಲ್ಲ. ಕಾಂಡದ ಬುಡ ಕೊಯ್ದು ಗಾಜಿನ ಲೋಟದ ತಿಳಿನೀರಿನಲ್ಲಿ ನೇತುಹಾಕಿ ಹಿಡಿಯಿರಿ. ಕೆಲವು ನಿಮಿಷದಲ್ಲಿ ಕೊಯ್ದ ತುದಿಯಿಂದ ಹಾಲಿನ ಎಳೆಗಳು ಕೆಳಗಿಳಿದರೆ ದುಂಡಾಣು ಸೊರಗು. ಇದಕ್ಕೆ ಸಿಂಪಡಣೆ ಯಾವುದೂ ಇಲ್ಲ. ಗಿಡವನ್ನು ಗೆಡ್ಡೆ ಸಮೇತ ಕಿತ್ತು ಹೊಲದಿಂದ ಹೊರಗೆ ಸುಡಬೇಕು, ಗುಣಿಗೆ ಬ್ಲೀಚಿಂಗ್ ಪುಡಿ ಹಾಕಬೇಕು, ಆ ತಾಕಿನಲ್ಲಿ ಎರಡು ಮೂರು ವರ್ಷ ರಾಗಿಯೋ ಜೋಳವೋ ಬೆಳೆಯಬೇಕು. ಟೊಮ್ಯಾಟೊ, ಬದನೆ, ಮೆಣಸಿನಕಾಯಿ ಬೇಡ.

ಅಗೆಯುವ ಮುನ್ನ ಹತ್ತು ದಿನ

80ರಿಂದ 85 ದಿನಕ್ಕೆ ಎಲೆ ಹಳದಿಯಾದಾಗ ಕಾಂಡ ಕತ್ತರಿಸಿ ಹೊಲದಿಂದ ಹೊರಗೆ ಹಾಕಿ, 10ರಿಂದ 15 ದಿನ ಗೆಡ್ಡೆಯನ್ನು ನೆಲದಲ್ಲೇ ಬಿಡಬೇಕು. ರೋಗದಿಂದ ಮುಕ್ಕಾಲು ಪಾಲು ಎಲೆ ಹೋಗಿದ್ದರೂ ಹೀಗೇ ಮಾಡಬೇಕು. ಉಳಿದ ಕಾಲು ಪಾಲು ಎಲೆ ಕೊಡುವ ತೂಕಕ್ಕಿಂತ ಅದರಿಂದ ಗೆಡ್ಡೆಗೆ ಇಳಿಯುವ ಬೀಜಕದ ನಷ್ಟ ದೊಡ್ಡದು. ಒಂದು ಗೆಡ್ಡೆ ತೆಗೆದು ಹೆಬ್ಬೆರಳಿನಿಂದ ಉಜ್ಜಿ ನೋಡಿ: ಸಿಪ್ಪೆ ಜಾರಿದರೆ ಇನ್ನೂ ಕಾಯಿರಿ. ಮಳೆ ಬಿಡುವು ಕೊಟ್ಟ ದಿನ ಅಗೆದು, ನೆರಳಿನಲ್ಲಿ ಒಣಗಿಸಿ, ಕೊಯ್ದಾಗ ಒಳಗೆ ಕೆಂಗಂದು ಮಚ್ಚೆ ಕಂಡ ಗೆಡ್ಡೆಗಳನ್ನು ಬೇರೆ ಮಾಡಿ. ಅಂಥ ಒಂದು ಗೆಡ್ಡೆ ಮೂಟೆಯೊಳಗೆ ಉಳಿದರೆ ಮಾರುಕಟ್ಟೆ ತಲುಪುವಷ್ಟರಲ್ಲಿ ಮೂಟೆಯೇ ನಾರುತ್ತದೆ.

ಬೀಜ ಇಲ್ಲೇ ಆಗಬಹುದೇ

ಹಾಸನದ ಸೋಮನಹಳ್ಳಿ ಕಾವಲಿನಲ್ಲಿ ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ. ಅಂತರರಾಷ್ಟ್ರೀಯ ಆಲೂಗೆಡ್ಡೆ ಕೇಂದ್ರದ ಜೊತೆ ಸೇರಿ ಅದು ಕುಡಿ ಕಾಂಡದ ಸಸಿಗಳಿಂದ ಬೀಜ ಬೆಳೆಯುವ ಪದ್ಧತಿಯನ್ನು ರೈತರಿಗೆ ತಲುಪಿಸುತ್ತಿದೆ. ವಿಯೆಟ್ನಾಮಿನ ದಲಾತ್ ಬೆಟ್ಟದ ರೈತರು ದಶಕಗಳಿಂದ ಮಾಡಿಕೊಂಡು ಬಂದ ಕ್ರಮವಿದು. ಅಂಗಾಂಶ ಕೃಷಿಯಿಂದ ಬಂದ ನಂಜಿಲ್ಲದ ಗಿಡವನ್ನು ಪಾಲಿಹೌಸಿನಲ್ಲಿ ತಾಯಿಗಿಡವಾಗಿ ಬೆಳೆಸಿ, ಅದರ ಎಳೆ ಕುಡಿಯನ್ನು ಕತ್ತರಿಸಿ, ತೆಂಗಿನನಾರಿನ ಪುಡಿ ತುಂಬಿದ ಟ್ರೇಯಲ್ಲಿ ಬೇರು ಬರಿಸುತ್ತಾರೆ. ಎರಡು ಮೂರು ವಾರಕ್ಕೆ ಟೊಮ್ಯಾಟೊ ಸಸಿಯಂತೆ ನಾಟಿಗೆ ಸಿದ್ಧ. ತಾಯಿಗಿಡದ ಎಲೆ ಒಂಟಿಯಾಗಿ ದುಂಡಗಿರುವ ತನಕ ಮಾತ್ರ ಕುಡಿ ತೆಗೆಯಬೇಕು. ಎಲೆ ಸೀಳಾಗಿ ಬಿಡಿಬಿಡಿ ಎಲೆಗಳಾದರೆ ಗಿಡ ಬಲಿತಿದೆ ಎಂದರ್ಥ, ಅದರ ಕುಡಿಯಿಂದ ಗೆಡ್ಡೆ ಕಡಿಮೆ. ಜ್ಯೋತಿಗಿಂತ ಚೆನ್ನಾಗಿ ಅಂಗಮಾರಿ ತಡೆಯುವ ಕುಫ್ರಿ ಹಿಮಾಲಿನಿ, ಕುಫ್ರಿ ಕರಣ್ ತಳಿಗಳೂ ಈ ದಾರಿಯಲ್ಲಿ ಬೇಗ ರೈತರ ಕೈ ಸೇರಬಹುದು.

ಕಾಲವೂ ಹೊಂದುತ್ತದೆ. ನೀರಾವರಿ ಇರುವ ತಾಕಿನಲ್ಲಿ ನವೆಂಬರ್‌ನಲ್ಲಿ ಸಸಿ ನೆಟ್ಟರೆ ಫೆಬ್ರವರಿಗೆ ಅಗೆತ. ಹೊಸ ಗೆಡ್ಡೆಗೆ ಬೇಕಾದ ಎರಡು ಮೂರು ತಿಂಗಳ ಸುಪ್ತಾವಸ್ಥೆ ಮುಗಿಯುವಷ್ಟರಲ್ಲಿ ಮೇ ಬಂದಿರುತ್ತದೆ, ಎಂಟು ತಿಂಗಳು ಕಾಯುವ ಗೋಜಿಲ್ಲ. ಸಸಿಗೆ ಏಳು ಗೆಡ್ಡೆ, ಗೆಡ್ಡೆಗೆ 40 ಗ್ರಾಂ ಎಂದು ಹಿಡಿದರೆ 280 ಗ್ರಾಂ. ಒಂದು ಎಕರೆಗೆ ಇಡೀ ಗೆಡ್ಡೆ ನೆಡಲು ಬೇಕಾದ 1,320 ಕೆ.ಜಿ.ಗೆ ಸುಮಾರು 4,700 ಗಿಡ ಉಳಿಯಬೇಕು, ಸಾಯುವುದಕ್ಕೆ ನೂರಕ್ಕೆ ಹತ್ತು ಸೇರಿಸಿದರೆ 5,200 ಸಸಿ. 2 ಅಡಿಗೆ 8 ಅಂಗುಲದ ಲೆಕ್ಕದಲ್ಲಿ ಅದು ಹಿಡಿಯುವ ಜಾಗ ಸುಮಾರು ಆರೂವರೆ ಗುಂಟೆ. ಸಸ್ಯಹೇನು ಬಾರದಂತೆ ಬಲೆ ಹೊದಿಸಿ, ಟೊಮ್ಯಾಟೊ, ಬದನೆಗಳಿಂದ ದೂರವಿರುವ, ಹಿಂದಿನ ಎರಡು ವರ್ಷ ರಾಗಿ ಬೆಳೆದ ತಾಕನ್ನೇ ಅದಕ್ಕೆ ಆರಿಸಬೇಕು.